ಇನ್ನೂರ ಹನ್ನೆರಡು

ನಮ್ಮಪ್ಪ ಪಿಳ್ಳಣ್ಣ
ಬಂದೂಕು ಮುಟ್ಟಿದವನಲ್ಲ.
ದಂಡಿನಲ್ಲಿ ಅವನ ಕೈಲಿದ್ದದ್ದು ಹುಟ್ಟು,
ಹಲಸೂರು ಕೆರೆಗೆ ದೋಣಿ ಇಳಿಸಿದರೆ ಆಗುವಷ್ಟು ಉದ್ದದ್ದು.
ಬೇಳೆಯ ಹಂಡೆಯಲ್ಲಿ ಹಾಕುತ್ತಿದ್ದ.

ಬೆಳಗಿನ ಜಾವ ಕಹಳೆ. ಅದಕ್ಕೂ ಮುಂಚೆ
ಅಪ್ಪನ ಕೆಮ್ಮು. ಅಮ್ಮ ಹೇಳೋಳು,
ಸಿಪಾಯಿಗಳನ್ನು ಕಹಳೆ ಎಬ್ಬಿಸುತ್ತೆ,
ಕಹಳೆಯವನನ್ನು ಎಬ್ಬಿಸೋದು ನಿಮ್ಮಪ್ಪನ ಹೊಗೆ.

ಅಡುಗೆ ಶೆಡ್ಡಿನ ಬಾಗಿಲಿಗೆ ಒಂದು ಸ್ಲೇಟು.
ಹವಾಲ್ದಾರ ರಾತ್ರಿ ಬರೆದು ಹೋಗುವುದು ಒಂದೇ ಅಂಕಿ:
ಇನ್ನೂರ ಹನ್ನೆರಡು.
ಹೆಸರಿಲ್ಲ, ಊರಿಲ್ಲ.
ಅಕ್ಷರ ಬಾರದ ಅಪ್ಪ ಅದನ್ನು ಹಿಟ್ಟಾಗಿ ಓದುತ್ತಿದ್ದ:
ಒಂದು ಮೂಟೆ, ಮೇಲೆ ಎರಡು ಸೇರು.

ಬರ್ಮಾಕ್ಕೆ ಹೊರಟವರು ನಡುವೆ ತಂಗುವ ಬೀಡು ಅದು.
ಏಳು ಭಾಷೆಯಲ್ಲಿ ಅಪ್ಪ ಕಲಿತದ್ದು ಒಂದೇ ಮಾತು. ಸಾಕಾ?
ಬಸ್? ಪೋದುಮಾ? ಚಾಲಾ? ಮತಿಯೋ? ಪುರೇ? ಪುಗ್ಯೋ?
ಯಾರೂ ಹೂಂ ಅನ್ನುತ್ತಿರಲಿಲ್ಲ.
ತಟ್ಟೆ ಮತ್ತೆ ಮುಂದೆ ಬರೋದು.
ಇಪ್ಪತ್ತರ ಹೊಟ್ಟೆ, ಅನ್ನೋನು ಅಪ್ಪ,
ದೇವರು ಅದಕ್ಕೆ ತಳ ಕಟ್ಟಿಲ್ಲ.

ಕೆಲವು ರಾತ್ರಿ ಮಾತ್ರ
ಎಲ್ಲರೂ ಸಾಕು ಅಂದುಬಿಡೋರು.
ಒಂದೇ ರೊಟ್ಟಿಗೆ. ಏಳೂ ಭಾಷೆಯಲ್ಲಿ.
ಅಪ್ಪ ಮನೆಗೆ ಬಂದು ಕಾಲು ತೊಳೆಯದೆ ಕೂತರೆ
ಅಮ್ಮನಿಗೆ ತಿಳಿಯೋದು,
ದಂಡು ಸ್ಟೇಷನ್ನಿಗೆ ರೈಲು ಬಂದು ನಿಂತಿದೆ.
ಮಿಲಿಟರಿ ಗುಟ್ಟು ಅದು. ಕರ್ನಲ್ಲಿಗೆ ಗೊತ್ತು,
ಇಂಜಿನ್ನಿನವನಿಗೆ ಗೊತ್ತು,
ಮಿಕ್ಕ ರೊಟ್ಟಿಗೆ ಗೊತ್ತು.

ಅವರಲ್ಲೊಬ್ಬ ನಮ್ಮ ಕಡೆಯವನು, ಸೂಲಿಬೆಲೆ ಪಕ್ಕದ ಬ್ಯಾಟಪ್ಪ.
ತಟ್ಟೆ ಚಾಚುತ್ತಾ ಪಿಸುಗುಟ್ಟಿದನಂತೆ,
ಅಣ್ಣಾ, ಗೋಧಿ ತಿಂದು ತಿಂದು
ನಾಲಿಗೆ ಬೇರೆ ಯಾರದೋ ಆಗಿದೆ. ಒಂದು ಮುದ್ದೆ.
ಉಗ್ರಾಣದಲ್ಲಿ ಕುದುರೆಗೆ ಹುರುಳಿ ಇತ್ತು,
ಸಾಹೇಬರ ನಾಯಿಗೆ ಬಿಸ್ಕತ್ತು ಇತ್ತು,
ರಾಗಿ ಇರಲಿಲ್ಲ.
ನಾಳೆ, ಅಂದ ಅಪ್ಪ.
ಹಾಗಾದರೆ ಇವತ್ತು ಸಾಕು, ಅಂದ ಅವನು,
ನಾಳೆಗೆ ಜಾಗ ಇಟ್ಟಿರ್ತೀನಿ.

ಆ ರಾತ್ರಿ ಬೇರೆಯವರೂ ಸಾಕು ಅಂದಿದ್ದರೋ ಏನೋ.
ಅಪ್ಪನ ಕಿವಿಗೆ ಬಿದ್ದದ್ದು ಇವನೊಬ್ಬನದು.
ನಗುತ್ತಾ ಬಂದ. ಕಾಲು ತೊಳೆದ.

ಎರಡು ಗಂಟೆಗೆ ಎದ್ದು ಅಮ್ಮ ತಿರುವಿದಳು,
ಒಂದು ಗಂಟಿಲ್ಲ.
ಒದ್ದೆ ಬಟ್ಟೆ ಸುತ್ತಿ ಅಪ್ಪನ ರುಮಾಲಿನೊಳಗಿಟ್ಟಳು.
ಗೇಟಿನ ಗೋರಾ ಜೇಬು ತಡಕಿದ,
ನೆತ್ತಿಯ ಮೇಲೆ ಹೊಗೆಯಾಡುವುದನ್ನು
ಚಳಿ ಅಂದುಕೊಂಡನೇನೋ, ಬಿಟ್ಟ.

ಸ್ಲೇಟಿನ ಮೇಲೆ ಇದ್ದದ್ದು
ಹದಿನೇಳು.

ಮುದ್ದೆ ಹೋದ ಹಾಗೇ ವಾಪಸ್ಸು ಬಂತು, ತಣ್ಣಗೆ.
ಅಮ್ಮ ಬಿಸಾಕಲಿಲ್ಲ.
ಮಾರನೆ ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ,
ಉಪ್ಪು, ಈರುಳ್ಳಿ, ಎರಡೆಸಳು ಕೊತ್ತಂಬರಿ ಹಾಕಿ
ಮಕ್ಕಳಿಗೆ ಮೂವರಿಗೂ ಹೊಯ್ದಳು.
ನಾನು ಇನ್ನೊಂದು ಲೋಟ ಕೇಳಿದೆ. ಆರು ವರ್ಷ ನನಗೆ.
ಯಾರ ಪಾಲು ಕುಡಿದೆ ಅಂತ ತಿಳಿದದ್ದು
ಮದುವೆಯಾದ ಮೇಲೆ, ಬಾಣಂತನದಲ್ಲಿ,
ಅಮ್ಮ ಬೇರೇನೋ ಹೇಳುತ್ತಾ ಹೇಳಿದಾಗ.

ಬೀಡು ಎತ್ತಿದ ವರ್ಷ ಅಪ್ಪ ಸ್ಲೇಟು ಮನೆಗೆ ತಂದ.
ಸಂಬಳದ ಬಾಕಿಗೆ ಬದಲು ಅಂತ ಅವನ ತಮಾಷೆ.
ಅದರ ಮೇಲೇ ನಾನು ಅ ಆ ತಿದ್ದಿದೆ.
ಎಂಜಲು ಹಚ್ಚಿ ಉಜ್ಜಿದರೆ ಪೂರಾ ಕಪ್ಪು;
ಒಣಗುತ್ತಾ ಒಣಗುತ್ತಾ ಮತ್ತೆ ಬೆಳ್ಳಗೆ ಮೇಲೇಳೋದು,
ನನ್ನ ವಕ್ರ ಅಕ್ಷರದ ಕೆಳಗೆ
ಹವಾಲ್ದಾರನ ನೆಟ್ಟನೆಯ ಕೈ.

ಈಗಲೂ ಆ ಗೋಡೆಯಾಚೆ ಊದುತ್ತಾರೆ.
ಮೊನ್ನೆ ಸಂಜೆ ಬಸ್ಸು ಕೆರೆಯ ಮುಂದೆ ನಿಂತಿತ್ತು,
ಸಿಗ್ನಲ್ಲಿಗೆ. ಕಹಳೆ ಕೇಳಿಸಿತು.
ಕಂಡಕ್ಟರ್ ಹುಡುಗಿ ಮಿಷನ್ನು ಹಿಡಿದು ಬಂದು
ಎಷ್ಟು ಜನ ಅಜ್ಜಿ, ಅಂದಳು.
ಒಬ್ಬಳೇ ಅನ್ನೋಕೆ
ಸ್ವಲ್ಪ ಹೊತ್ತು ಹಿಡಿಯಿತು.